ಮಳೆ ಪುಸ್ತಕದ ಬಲಗಡೆ

(ಮಡಿಕೇರಿಯಲ್ಲಿ ಗೆಳೆಯರು ಸೇರಿ ನಡೆಸುವ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಎಳೆದಾಡಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಬಾಗಿಲ ಹತ್ತಿರ ಕಪ್ಪು ಕೊಡೆಗಳ ರಾಶಿಯೇ ಬಿದ್ದಿದೆ, ಹೋಗುವಾಗ ನಿಮ್ಮದನ್ನೇ ಹುಡುಕಿಕೊಂಡು ಹೋಗಿ.

ಅಪ್ಪನ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ತಕ್ಷಣ ಒಪ್ಪಲಿಲ್ಲ. ನಮ್ಮಪ್ಪ ಹೆಸರು ಮಾಡಿದವರಲ್ಲ. ಭಾಗಮಂಡಲದ ಕಡೆಯ ಸಣ್ಣ ಬೆಳೆಗಾರರು. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ಮನೆ ಕೆಳಗೆ ಗದ್ದೆ, ಕೊಟ್ಟಿಗೆಯಲ್ಲಿ ದನ. ಅಷ್ಟೇ. ಸಭೆ ಕರೆದು ಹೇಳುವಂಥದ್ದು ಏನಿದೆ?

ಕೊಡಗಿನಲ್ಲಿ ಹಿಂದೆ ಎರಡು ಗುಂಡಿನ ಸದ್ದು ಕೇಳಿದರೆ ಯಾರೋ ತೀರಿಕೊಂಡರು ಅಂತ ಊರಿಗೆ ಗೊತ್ತಾಗುತ್ತಿತ್ತು. ಆಮೇಲೆ ‘ಶಕ್ತಿ’ ಪತ್ರಿಕೆಯ ನಿಧನ ವಾರ್ತೆ. ಈಗ ಅದಕ್ಕೂ ಮುಂಚೆ ವಾಟ್ಸಾಪ್. ಅಪ್ಪ ಹೋದ ದಿನ ನನ್ನ ಫೋನ್ ತುಂಬ ಅವೇ ಮಾತುಗಳು. ಸರಳ ಸಜ್ಜನ, ಕುಟುಂಬ ವತ್ಸಲ, ಪ್ರಕೃತಿ ಪ್ರೇಮಿ. ಯಾವುದೂ ಸುಳ್ಳಲ್ಲ. ಆದರೆ ಓದಿದರೆ ನಮ್ಮಪ್ಪ ಕಾಣುವುದಿಲ್ಲ. ಯಾರಪ್ಪನಿಗೆ ಬೇಕಾದರೂ ಹೊಂದುವ ಮಾತುಗಳು.

ಅದರಲ್ಲಿ ಕೊನೆಯ ಎರಡನ್ನು ಹಿಡಿದುಕೊಂಡು ಮಾತಾಡುತ್ತೇನೆ. ಯಾಕೆಂದರೆ ಆ ಎರಡೂ ಒಬ್ಬನಲ್ಲೇ ಇದ್ದರೆ ಸಾಮಾನ್ಯವಾಗಿ ಮನೆಯಲ್ಲಿ ಜಗಳ. ಕಾಡು, ಬೆಟ್ಟ ಅಂತ ಸುತ್ತುವ ಗಂಡಸರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಶನಿವಾರ ಜೀಪು ಹತ್ತಿದರೆ ಭಾನುವಾರ ರಾತ್ರಿ ಇಳಿಯುತ್ತಾರೆ. ದನ, ಕೋಳಿ, ಮಕ್ಕಳ ಹೋಂವರ್ಕ್ ಎಲ್ಲ ಹೆಂಡತಿಯ ತಲೆಗೆ. ನಮ್ಮಪ್ಪ ಕಾಡಿಗೆ ಹೊರಟರೆ ಮನೆಯನ್ನೇ ಎಬ್ಬಿಸಿಕೊಂಡು ಹೊರಡುತ್ತಿದ್ದರು. ಅದು ಹೇಗೆ ಸಾಧ್ಯವಾಯಿತು, ಅದಕ್ಕಾಗಿ ಯಾರು ಎಷ್ಟು ಹೆಣಗಿದರು, ಇಷ್ಟೇ ನನ್ನ ಮಾತು. ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಚ್ಚುಕಮ್ಮಿ ಮಾತಾಡಿದರೆ ಅಲ್ಲಿಂದಲೇ ಕೆಮ್ಮುತ್ತಾರೆ.

ಮೊದಲು ಮಳೆ ಪುಸ್ತಕದ ವಿಷಯ. ಇಲ್ಲಿರುವ ಬೆಳೆಗಾರರಿಗೆ ಇದು ಹೊಸದಲ್ಲ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಕೇಳುವವರು ಕಡಿಮೆ. ಇಲ್ಲಿ ಇಂಚು, ಸೆಂಟು. 100 ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಫೋನ್ ಬಂದರೆ ಯೋಗಕ್ಷೇಮ ಆಮೇಲೆ, ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು’ ಅನ್ನುವುದು ಮೊದಲು.

ನಮ್ಮ ಅಂಗಳದಾಚೆ, ಮರದ ಹನಿ ಬೀಳದ ಜಾಗದಲ್ಲಿ ಮಳೆ ಮಾಪಕ ಇತ್ತು. ಮೇಲೆ ಆಲಿಕೆ, ಒಳಗೆ ನೀರು ಸೇರುವ ಡಬ್ಬಿ, ಅಳೆಯಲು ಗೆರೆ ಹಾಕಿದ ಗಾಜಿನ ಕೊಳವೆ. ಬೆಳಿಗ್ಗೆ ಎಂಟೂವರೆಗೆ ಅಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಗಾಜಿನ ಕೊಳವೆಯಲ್ಲಿ ನೀರು ಬದಿಯಲ್ಲಿ ಸ್ವಲ್ಪ ಏರಿ ನಡುವೆ ತಗ್ಗಿರುತ್ತದಲ್ಲ, ಆ ತಗ್ಗು ಎಲ್ಲಿದೆಯೋ ಅದನ್ನೇ ಓದಬೇಕು. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಮಗೆ ತೋರಿಸುತ್ತಿದ್ದರು. ಬದಿಯ ಅಂಚನ್ನು ಓದಿದರೆ ಜಾಸ್ತಿ ಬರುತ್ತದೆ. “ಸುಮ್ನೆ ದೊಡ್ಡಸ್ತಿಕೆಗೆ ಮಳೆ ಜಾಸ್ತಿ ಬರೀಬಾರ್ದು” ಅನ್ನುತ್ತಿದ್ದರು. ಮಳೆಯಲ್ಲೂ ದೊಡ್ಡಸ್ತಿಕೆ ಇದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದು ದೊಡ್ಡ ಸುದ್ದಿಯಲ್ಲ. ಅದೇ ಕುಶಾಲನಗರದ ಕಡೆ ಹೋಗಿ, ಇದರ ಕಾಲು ಭಾಗ ಬಿದ್ದರೆ ಹೆಚ್ಚು. ಒಂದೇ ಜಿಲ್ಲೆ, ನಡುವೆ ಸುಮಾರು 70 ಕಿಲೋಮೀಟರ್. ನಮ್ಮಲ್ಲಿ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆ ಹಿಡಿದರೆ ಡಬ್ಬಿ ಬೆಳಗಿನವರೆಗೆ ಕಾಯುವುದಿಲ್ಲ. ರಾತ್ರಿ ಎದ್ದು ಅಳೆದು, ಚೆಲ್ಲಿ, ಬರೆದಿಟ್ಟು ಬರಬೇಕು. ಅಪ್ಪ ಮಳೆಗೆ ತಲೆ ಮೇಲಿಂದ ಹೊದೆಯುವ ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ಹೋಗುತ್ತಿದ್ದರು. “ಮಾಡಿಗೆ ಬೀಳೋ ಸದ್ದಲ್ಲೇ ಗೊತ್ತಾಗ್ತದೆ, ಅಳೆದು ಎಂತ ಮಾಡೋದು?” ಅನ್ನುವುದು ಅವ್ವನ ಪ್ರಶ್ನೆ. ಅದಕ್ಕೆ ಅಪ್ಪ ಕೊನೆಯವರೆಗೂ ಉತ್ತರ ಕೊಡಲಿಲ್ಲ.

ಬರೆಯುತ್ತಿದ್ದದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ. ಎಡಗಡೆ ಪುಟದಲ್ಲಿ ತಾರೀಖು, ಮಳೆ. ಬಲಗಡೆ ಪುಟ ತೋಟದ ಕೆಲಸಕ್ಕೆ ಅಂತ ಇದ್ದದ್ದು. ಗೊಬ್ಬರ, ಕಪಾತು, ಯಾರಿಗೆ ಎಷ್ಟು ಕೂಲಿ, ಹೀಗೆ. ಆದರೆ ಅಪ್ಪ ಅಲ್ಲಿ ಮನೆಯದ್ದೂ ಬರೆಯುತ್ತಿದ್ದರು. ಎಡಗಡೆ ‘82 ಸೆಂಟ್’, ಅದರ ಎದುರು ಬಲಗಡೆ ‘ದೊಡ್ಡವನಿಗೆ ಜ್ವರ ಇಳಿಯಿತು’. ‘1 ಇಂಚು 10 ಸೆಂಟ್’, ಎದುರು ‘ಕಪಿಲೆ ಕರು ಹಾಕಿತು, ಹೆಣ್ಣು’. ‘ಮಳೆ ಇಲ್ಲ’, ಎದುರು ‘ಹುಡುಗಿ ಸೈಕಲ್ ಕಲಿತಳು, ಮೊಣಕಾಲು ಹೋಯಿತು’. ಹುಡುಗಿ ಅಂದರೆ ನಾನೇ. ಒಂದು ಕಡೆ ಎಡಗಡೆಯೂ ‘ಮಳೆ ಇಲ್ಲ’, ಬಲಗಡೆ ‘ಅವಳು ತವರಿಂದ ಬಂದಳು’ ಅಂತ ಇದೆ. ಅದರ ಹಿಂದಿನ ಒಂದು ವಾರ ಬಲಗಡೆ ಪುಟ ಪೂರ್ತಿ ಖಾಲಿ. ಕೂಲಿ ಲೆಕ್ಕವೂ ಇಲ್ಲ.

ಈ ಪುಸ್ತಕಗಳನ್ನು ನಾನು ಪೂರ್ತಿ ಓದಿದ್ದು ಅಪ್ಪ ಹೋದ ಮೇಲೆ. ಅವರು ಬಾಯಿಬಿಟ್ಟು ಪ್ರೀತಿ ಹೇಳಿದವರಲ್ಲ. ಆ ಕಾಲದವರು ಯಾರು ಹೇಳಿದ್ದಾರೆ?

ಇನ್ನು ಮನೆಯವರನ್ನೆಲ್ಲ ಕಟ್ಟಿಕೊಂಡು ಕಾಡಿಗೆ ಹೋಗುವ ವಿಷಯ. ಮದುವೆಯಾದ ಹೊಸತರಲ್ಲಿ ಅಪ್ಪನೂ ಎಲ್ಲರ ಹಾಗೆ ಒಬ್ಬರೇ ಹೋಗುತ್ತಿದ್ದರಂತೆ, ಇಲ್ಲದಿದ್ದರೆ ಗೆಳೆಯರ ಜೊತೆ. ಬುತ್ತಿ ಅವ್ವ ಕಟ್ಟಬೇಕು. ಒಂದು ದಿನ ಅವ್ವ ಬುತ್ತಿ ಕಟ್ಟಿ, ಚೀಲವನ್ನು ಅಪ್ಪನ ಕೈಗೆ ಕೊಡದೆ ತಮ್ಮ ಹೆಗಲಿಗೇ ಹಾಕಿಕೊಂಡು ಮೆಟ್ಟಿಲಿಳಿದರಂತೆ.

“ಎಲ್ಲಿಗೆ?”

“ನೀವು ಹೋಗೋ ಕಡೆಗೆ. ಬುತ್ತಿ ಕಟ್ಟೋದು ನಾನು, ತಂಪಲ್ಲಿ ಕೂತು ತಿನ್ನೋದು ನೀವು ಮಾತ್ರ ಯಾಕೆ?”

ಅಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಅತ್ತೆ ಈಗ ಏನನ್ನುತ್ತಾರೋ ಅಂತ ಅವ್ವನಿಗೂ ಒಳಗೊಳಗೇ ಭಯ. ಅಜ್ಜಿ ಅಂದದ್ದು ಇಷ್ಟೇ: “ಕರ್ಕೊಂಡು ಹೋಗು ಮಗಾ. ಹಾಲು ನಾನು ಕರೀತೇನೆ.”

ಈ ಕಥೆಯಲ್ಲಿ ನನಗೆ ಅಪ್ಪನಿಗಿಂತ, ಅವ್ವನಿಗಿಂತ ಅಜ್ಜಿಯೇ ದೊಡ್ಡವರು ಅನ್ನಿಸುತ್ತದೆ. ಒಬ್ಬರು ಕಾಡಿಗೆ ಹೋಗಬೇಕು ಅಂದರೆ ಹಾಲು ಕರೆಯಲು ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು, ಅಲ್ವಾ? ಬೆಟ್ಟ ಹತ್ತಿದವರ ಕಥೆ ಎಲ್ಲರೂ ಹೇಳುತ್ತಾರೆ. ಆ ದಿನ ಹಾಲು ಕರೆದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಅಜ್ಜಿ ತೀರಿದ ಮೇಲೆ ಆ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ. ಅಪ್ಪ ಒಂದು ನಿಯಮ ಮಾಡಿಕೊಂಡರು. ಬೆಳಿಗ್ಗೆ ಹಾಲು ಕರೆದ ಮೇಲೆ ಹೊರಡುವುದು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್. ಸಂಜೆಯದ್ದು ಅಪ್ಪನ ಪಾಲು, ಯಾಕೆಂದರೆ ನಡೆದು ಸುಸ್ತಾದ ಮಕ್ಕಳು ಅವ್ವನ ಪಾಲು. ಅಪ್ಪನ ಕಾಡು ಅಷ್ಟೇ ದೊಡ್ಡದು. ಎರಡು ಸಲ ಹಾಲು ಕರೆಯುವ ನಡುವೆ ಹೋಗಿ ಬರುವಷ್ಟು. ಹಿಮಾಲಯ ಬೇಡ, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವನ್ನೂ ಅವರು ನೋಡಲಿಲ್ಲ. ಆದರೆ ಆ ಅರ್ಧ ದಿನದ ದಾರಿಯೊಳಗಿನ ಒಂದೊಂದು ತೋಡೂ, ಅಂದರೆ ಸಣ್ಣ ಹಳ್ಳವೂ ಅವರಿಗೆ ಗೊತ್ತಿತ್ತು. ನಮಗೂ ಗೊತ್ತಾಯಿತು.

ಮಳೆಗಾಲದಲ್ಲಿ ಜಾಸ್ತಿ ಹೋಗುತ್ತಿದ್ದೆವು. ಹೊರಗಿನವರಿಗೆ ಇದು ವಿಚಿತ್ರ. ಅವರು ಮಳೆ ನಿಂತ ಮೇಲೆ ಬರುತ್ತಾರೆ. ತಿನ್ನುವ ಪದಾರ್ಥ ಎಲ್ಲ ಸಿಗುವುದು ಮಳೆಯಲ್ಲೇ ತಾನೇ? ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಮೀನು ಹತ್ತುತ್ತದೆ. ಗದ್ದೆ ಬದುವಿನಲ್ಲಿ ಏಡಿ. ಬಿದಿರ ಮೆಳೆಯಲ್ಲಿ ಕಣಿಲೆ. ಗುಡುಗು ಕೇಳಿದ ಮೇಲೆ ಹುತ್ತದ ಮೇಲೆ ಅಣಬೆ.

ಹೊರಡುವ ಮೊದಲು ಜಿಗಣೆಗೆ ತಯಾರಿ. ಹೊಗೆಸೊಪ್ಪಿನ ಪುಡಿ, ಸುಣ್ಣ ಬೆರೆಸಿ ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಅದನ್ನು ಕೋಲಿನ ತುದಿಗೆ ಬಿಗಿದು ಒದ್ದೆ ಮಾಡಿಕೊಳ್ಳುವುದು. ಕಾಲಿಗೆ ಹತ್ತಿದ ಜಿಗಣೆಗೆ ಅದನ್ನು ಮುಟ್ಟಿಸಿದರೆ ಸಾಕು, ಉದುರುತ್ತದೆ. ಕಿತ್ತು ತೆಗೆಯಬಾರದು, ತುರಿಕೆ ಜಾಸ್ತಿ. ನಮ್ಮಣ್ಣನಿಗೆ ಆ ಕೋಲು ಹಿಡಿಯುವ ಅಧಿಕಾರ. ನನಗೆ ಕಾಲ್ಬೆರಳ ಸಂದಿ ನೋಡುವ ಕೆಲಸ. ಎಲ್ಲರದ್ದೂ, ಅಪ್ಪನದ್ದೂ ಸೇರಿ.

ಅಣಬೆಯ ಕೊನೆಯ ತೀರ್ಪು ಅವ್ವನದ್ದು. ಅಪ್ಪ ಎಷ್ಟೇ ಕಾಡು ತಿಳಿದವರಾದರೂ ಅವ್ವ ಮೂಸಿ ನೋಡಿ, ಕಾಲು ಮುರಿದು ನೋಡಿ “ಇದು ಬೇಡ” ಅಂದರೆ ಅಲ್ಲೇ ಬಿಟ್ಟು ಬರಬೇಕು. ವಾದ ಇಲ್ಲ. ಹುತ್ತದ ಅಣಬೆ ಒಂದೇ ಜಾಗದಲ್ಲಿ ವರ್ಷ ವರ್ಷ ಬರುತ್ತದೆ. ಹಾಗಾಗಿ ಹುತ್ತ ಕೆದಕಬಾರದು, ಅರಳಿ ಹಳತಾದದ್ದನ್ನು ಕೀಳಬಾರದು. ಕಣಿಲೆಗೂ ಲೆಕ್ಕ ಇತ್ತು. ಒಂದು ಮೆಳೆಯಲ್ಲಿ ಎಲ್ಲ ಮೊಳಕೆ ಕಡಿದರೆ ಮುಂದಿನ ವರ್ಷ ಬಿದಿರೆಲ್ಲಿ? ತಂದ ಕಣಿಲೆಯನ್ನು ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕುವುದು ಅಪ್ಪನ ಕೆಲಸ. ನೆನೆಯದ ಕಣಿಲೆ ಕಹಿ, ಹೊಟ್ಟೆಗೂ ಒಳ್ಳೆಯದಲ್ಲ.

ಆಟಿ 18ರ ಮದ್ದು ಸೊಪ್ಪು ಬಿಟ್ಟರೆ ಈ ಮಾತು ಮುಗಿಯುವುದಿಲ್ಲ. ಕೊಡವರು ಕಕ್ಕಡ ಅನ್ನುತ್ತಾರೆ, ಗೌಡರ ಮನೆಗಳಲ್ಲಿ ನಾವು ಆಟಿ ಅನ್ನುತ್ತೇವೆ. ಆಗಸ್ಟ್ ಮೊದಲ ವಾರಕ್ಕೆ ಬರುತ್ತದೆ. ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ನಂಬಿಕೆ. ದಂಟು ಸಮೇತ ತಂದು ಬೇಯಿಸಿದರೆ ನೀರು ಕಡು ನೇರಳೆ ಆಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ. ಮಾರನೇ ದಿನ ಬೆಳಿಗ್ಗೆ ಮೂತ್ರ ಕೆಂಪು. ಮೊದಲ ಸಲ ತಿಂದ ಬೆಂಗಳೂರಿನ ನೆಂಟರ ಹುಡುಗ ಬಚ್ಚಲಿನಿಂದ ಅಳುತ್ತಾ ಓಡಿಬಂದಿದ್ದ. ಮುಂಚೆಯೇ ಹೇಳಬಹುದಿತ್ತಲ್ಲ ಅಂದರೆ ಅಪ್ಪ ನಗು ತಡೆದುಕೊಂಡು “ಹೇಳಿದ್ರೆ ಮಜಾ ಎಂತ?” ಅಂದಿದ್ದರು.

ನಮ್ಮ ಅಜ್ಜ ಬೇಟೆಗಾರರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಮೂಲೆ ಸೇರಿತು. ಅಜ್ಜ ನಿಲ್ಲಿಸಿದ್ದು ಕಾನೂನಿಗೆ. ಅಪ್ಪನಿಗೆ ಹೊಡೆಯುವ ಮನಸ್ಸೇ ಇರಲಿಲ್ಲ. ಆದರೆ ಹೆಜ್ಜೆ ಓದುವುದನ್ನು ಮಾತ್ರ ಅಜ್ಜನಿಂದ ಪೂರ್ತಿ ಕಲಿತಿದ್ದರು. ಕೆಸರಿನಲ್ಲಿ ಎರಡು ಗೊರಸಿನ ಗುರುತು ಕಂಡರೆ ನಮಗೆ ಕಡವೆಯೂ ಒಂದೇ, ಕಾಡುಹಂದಿಯೂ ಒಂದೇ. ಅಪ್ಪ ಬಗ್ಗಿ ಹಿಂದಿನ ಭಾಗ ತೋರಿಸುತ್ತಿದ್ದರು. ಹಂದಿಯದ್ದಾದರೆ ಗೊರಸಿನ ಹಿಂದೆ, ಸ್ವಲ್ಪ ಹೊರಗಡೆಗೆ, ಇನ್ನೆರಡು ಸಣ್ಣ ಚುಕ್ಕೆ ಇರುತ್ತದೆ.

ಆನೆಯದ್ದು ಇನ್ನೂ ಚೆನ್ನ. ಒಂದು ಸಲ ಗದ್ದೆಯ ಮೂಲೆಯಲ್ಲಿ ರಾತ್ರಿ ದಾಟಿದ ಆನೆಯ ಹೆಜ್ಜೆ ಬಿದ್ದಿತ್ತು. ಹೊಸ ಹೆಜ್ಜೆ, ಅಂಚು ಇನ್ನೂ ಕುಸಿದಿರಲಿಲ್ಲ, ಒಳಗೆ ಚರ್ಮದ ಗೆರೆಗಳು ಅಚ್ಚೊತ್ತಿದ್ದವು. ಅಪ್ಪ ಒಂದು ಬಳ್ಳಿ ಕಿತ್ತು ತಂದರು. ಮುಂಗಾಲಿನ ಹೆಜ್ಜೆಯ ಸುತ್ತ ಅದನ್ನು ಹಿಡಿಯಲು ನನಗೆ ಹೇಳಿದರು. ನಾನು ಮಂಡಿಯೂರಿ, ಅಂಚು ಕೆಡದ ಹಾಗೆ ಸುತ್ತ ಹಿಡಿದೆ. ಅಷ್ಟಕ್ಕೆ ಬಳ್ಳಿ ಕತ್ತರಿಸಿ, ಅದರ ಎರಡರಷ್ಟು ಉದ್ದವನ್ನು ಪಕ್ಕದ ಸಿಲ್ವರ್ ಓಕ್ ಮರದ ಬುಡದಿಂದ ಮೇಲಕ್ಕೆ ಅಳೆದು ಕತ್ತಿಯಿಂದ ಒಂದು ಗೀರು ಹಾಕಿದರು. “ಇಷ್ಟೆತ್ತರ, ಹೆಗಲವರೆಗೆ.” ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ, ಇದು ಆನೆ ಬಲ್ಲವರೆಲ್ಲ ಬಳಸುವ ಅಂದಾಜು. ನನಗೆ ಲೆಕ್ಕ ಆಮೇಲೆ ಅರ್ಥವಾಯಿತು. ಆಗ ಕಂಡದ್ದು ಆ ಗೀರು. ಅಪ್ಪ ಕೈ ಮೇಲೆತ್ತಿ ಹಾಕಿದ ಗೀರು. ನಾವು ಮಲಗಿದ್ದಾಗ ಅಷ್ಟೆತ್ತರದ್ದು ಅಡಿಗೆಮನೆ ಕಿಟಕಿಯಿಂದ ಕೂಗಳತೆಯಲ್ಲಿ ನಡೆದು ಹೋಗಿದೆ!

ಕೋವಿ ಹೊರಗೆ ಬರುತ್ತಿದ್ದದ್ದು ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ, ಸೆಪ್ಟೆಂಬರ್ 3ಕ್ಕೆ. ಪೂಜೆ, ಊಟ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಒಂದು ವರ್ಷ ಅಪ್ಪನ ಗುಂಡು ಎಲೆ ಉದುರಿಸಿತು. ಹೆಂಗಸರ ಸರದಿಯಲ್ಲಿ ಅವ್ವ ಒಂದೇ ಗುಂಡಿಗೆ ಕಾಯಿ ಒಡೆದರು. ಅವ್ವ, ಇದು ಹೇಳಬಹುದಲ್ವಾ? ಸರಿ. ಮಳೆ ಪುಸ್ತಕದಲ್ಲಿ ಅಪ್ಪ ಆ ದಿನ ಬರೆದದ್ದು ‘ಕಾಯಿ ಒಂದು ಬಂತು’. ಹೊಡೆದವರು ಯಾರು ಅಂತ ಬರೆದಿಲ್ಲ.

ಫೆಬ್ರವರಿ, ಮಾರ್ಚ್ ಬಂದರೆ ಅಪ್ಪ ಬೇರೆಯೇ ಮನುಷ್ಯ. ಹೂ ಮಳೆಗೆ ಕಾಯುವ ಕಾಲ. ಒಂದಿಂಚು ಬಿದ್ದರೆ ರೋಬಸ್ಟಾ ಕಾಫಿಯ ಮೊಗ್ಗು ಎಚ್ಚರಗೊಂಡು ಎಂಟು ಹತ್ತು ದಿನಕ್ಕೆ ಅರಳುತ್ತದೆ. ಕಡಿಮೆ ಬಿದ್ದರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಅರಳಿದ ದಿನವೇ ಮಳೆ ಬಿದ್ದರೆ ಅದೂ ಕಷ್ಟ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಇಷ್ಟೆಲ್ಲ ಸರಿಹೋಗಬೇಕು, ಅದೂ ಅದೇ ಕ್ರಮದಲ್ಲಿ. ಆ ದಿನಗಳಲ್ಲಿ ಅಪ್ಪ ಯಾರ ಮದುವೆಗೂ ಹೋಗುತ್ತಿರಲಿಲ್ಲ. ಎಷ್ಟೋ ನೆಂಟರು ಇದಕ್ಕೇ ಮುನಿಸಿಕೊಂಡಿದ್ದರು, ಅದರಲ್ಲಿ ತಪ್ಪೂ ಇಲ್ಲ.

ಹೂ ಅರಳಿದ ದಿನ ತೋಟದೊಳಗೆ ಕೆಲಸ ಇಲ್ಲ. ಸಂಜೆ ಕಣದಲ್ಲಿ ಚಾಪೆ ಹಾಕಿ ಎಲ್ಲರೂ ಕೂರಬೇಕು. ಕೆಳಗೆ ತೋಟಕ್ಕೆ ತೋಟವೇ ಬೆಳ್ಳಗೆ. ಮಲ್ಲಿಗೆಯಂಥ ವಾಸನೆ, ರಾತ್ರಿಯಾದ ಹಾಗೆ ಗಾಢ. ಅಪ್ಪನಿಗೆ ವಾಸನೆಗಿಂತ ಸದ್ದು ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣ ಜೇನಿನ ಸದ್ದು ಕೇಳುತ್ತಿದೆಯಾ ಅಂತ ನಿಂತು ಕೇಳುತ್ತಿದ್ದರು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ಬಳಿದುಕೊಂಡು ಹೋಯಿತಲ್ಲ, ಆಗ ನಮ್ಮ ಪೆಟ್ಟಿಗೆಗಳೂ ಖಾಲಿಯಾದವು. ಮರಿಹುಳುಗಳು ಗೂಡಿನಲ್ಲೇ ಸತ್ತು ಚೀಲದ ಹಾಗಾಗಿದ್ದವು. ಅಪ್ಪ ಪೆಟ್ಟಿಗೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದರು. ಕೆಲವು ವರ್ಷ ಬಿಟ್ಟು ಒಂದನ್ನು ಕೆಳಗಿಳಿಸಿ, ಒಳಗೆ ಮೇಣ ಸವರಿ, ಹಲಸಿನ ಮರದ ಕೆಳಗಿಟ್ಟರು. ಕಾಡಿನಿಂದ ಒಂದು ಕುಟುಂಬ ತಾನಾಗಿ ಬಂದು ಕೂತಿತು. ಆ ದಿನದ ಬಲಗಡೆ ಪುಟದಲ್ಲಿ ‘ನೆಂಟರು ಬಂದರು’ ಅಂತಿದೆ. ನಾನು ಯಾವ ನೆಂಟರು ಅಂತ ತುಂಬ ತಲೆಕೆಡಿಸಿಕೊಂಡಿದ್ದೆ. ಅವ್ವ ಹೇಳಿದ ಮೇಲೆ ಗೊತ್ತಾಯಿತು.

ಹಾಲಿನ ನಿಯಮ ಮುರಿಯುತ್ತಿದ್ದದ್ದು ಅಪರೂಪಕ್ಕೆ, ತಡಿಯಂಡಮೋಳ್ ಹತ್ತಲು. ಪಕ್ಕದ ಮನೆಯ ದೊಡ್ಡಮ್ಮನಿಗೆ ದನ ಒಪ್ಪಿಸಿ ಹೊರಡುವುದು. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಬುಡದಲ್ಲಿ ನಾಲ್ಕುನಾಡು ಅರಮನೆ, 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅಲ್ಲಿಂದ ನಡಿಗೆ. ಅಪ್ಪ ಎಲ್ಲರಿಗಿಂತ ಚಿಕ್ಕವರನ್ನು ಮುಂದೆ ಬಿಡುತ್ತಿದ್ದರು, ತಾವು ಕೊನೆಗೆ. ಚಿಕ್ಕವರು ನಿಂತರೆ ಎಲ್ಲರೂ ನಿಲ್ಲಬೇಕು. ಮಧ್ಯೆ ಮಧ್ಯೆ “ತಿರುಗಿ ನೋಡಿ” ಅನ್ನುವರು. ಹಿಂದೆ ಏನೋ ಚಂದ ಇದೆ ಅಂತ ನಾವು ತಿರುಗಿದರೆ ಏನೂ ಇರುತ್ತಿರಲಿಲ್ಲ. ಬಂದ ದಾರಿ ಅಷ್ಟೇ. ಹೋಗುವಾಗ ಕಂಡ ದಾರಿಯೇ ಬರುವಾಗ ಬೇರೆ ಥರ ಕಾಣುತ್ತದೆ. ಬಂಡೆಯ ಇನ್ನೊಂದು ಮುಖ, ಮರದ ಇನ್ನೊಂದು ಬದಿ. ಅದನ್ನು ಈಗಲೇ ನೋಡಿಟ್ಟುಕೊಂಡರೆ ಮಂಜು ಮುಸುಕಿದಾಗ ಮನೆಗೆ ಬರಬಹುದು. ತುದಿಯಲ್ಲಿ ನಿಂತು ಎಷ್ಟು ಚಂದ ಅಂದ ನೆನಪು ನನಗಿಲ್ಲ. ಅಲ್ಲಿ ಕೂತು ಬುತ್ತಿ ಬಿಚ್ಚಿ, ಕೇರಳ ಯಾವ ಕಡೆ, ನಮ್ಮ ಮನೆ ಯಾವ ಕಡೆ ಅಂತ ಬೆರಳು ತೋರಿಸಿದ ನೆನಪಿದೆ.

ದೇವರಕಾಡಿನಲ್ಲಿ ಮಾತ್ರ ಈ ಪಾಠವೂ ಇಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮೂರಿನದ್ದಕ್ಕೆ ಹೋಗುವಾಗ ಅಪ್ಪ ಕತ್ತಿಯನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟು ಒಳಗೆ ಬರುತ್ತಿದ್ದರು. ಒಣಗಿದ ಕಡ್ಡಿಯನ್ನೂ ತರುವ ಹಾಗಿಲ್ಲ. ಏನೂ ತರಲಿಕ್ಕಿಲ್ಲದ ಕಾಡು ಅದೊಂದೇ ಅಂತ ಅವ್ವನಿಗೆ ಅದೇ ಇಷ್ಟ. ಹೊರೋದು ತಪ್ಪಿತಲ್ಲ!

ಎಲ್ಲ ಚೆನ್ನಾಗಿಯೇ ಇತ್ತು ಅಂದುಕೊಳ್ಳಬೇಡಿ. ಅಪ್ಪನಿಗೂ ಅಣ್ಣನಿಗೂ ಒಂದು ಮಳೆಗಾಲ ಪೂರ್ತಿ ಮಾತಿರಲಿಲ್ಲ. ಅಣ್ಣನಿಗೆ ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ಇಳಿಜಾರು, ಕಡಿದು ಸಮ ಮಾಡಿ ಹೋಂಸ್ಟೇ ಕಟ್ಟುವ ಆಸೆ. ಕಾಫಿಗೆ ಬೆಲೆ ಇರಲಿಲ್ಲ, ಸಾಲ ಇತ್ತು, ಸುತ್ತ ಎಲ್ಲರೂ ಕಟ್ಟುತ್ತಿದ್ದರು. ಅವನದ್ದು ದುರಾಸೆ ಅನ್ನಲು ನನ್ನಿಂದಾಗದು. ಅಪ್ಪ ಜೆಸಿಬಿ ಗೇಟಿನೊಳಗೆ ಬರಲು ಬಿಡಲಿಲ್ಲ. “ಬುಡ ಕಡಿದ್ರೆ ಮೇಲಿನ ನೀರು ಎಲ್ಲಿಗೆ ಹೋಗ್ತದೆ ಅಂತ ನಿಂಗೆ ಗೊತ್ತುಂಟಾ?” ಅಂತ ಮಳೆ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಅಣ್ಣ ಅದನ್ನು ತೆರೆಯಲೂ ಇಲ್ಲ. ಇಬ್ಬರ ನಡುವೆ ಅವ್ವ ಸುದ್ದಿ ಒಯ್ಯುತ್ತಿದ್ದರು. ‘ಊಟಕ್ಕೆ ಬರ್ಬೇಕಂತೆ’, ‘ಹಸಿವಿಲ್ಲ ಅಂತೆ’.

ಆಮೇಲೆ 2018ರ ಆಗಸ್ಟ್ ಬಂತು, ಗುಡ್ಡಗಳು ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹೆಬ್ಬೆಟ್ಟಗೇರಿ, ಕಾಲೂರು. ಈ ಹೆಸರುಗಳನ್ನು ಇಲ್ಲಿ ವಿವರಿಸುವುದು ಬೇಡ, ಅಲ್ಲಿಂದ ಬಂದವರೇ ಈ ಸಭೆಯಲ್ಲಿದ್ದೀರಿ. ಅತಿಯಾದ ಮಳೆ ಒಂದು ಕಾರಣ, ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದ್ದು ಇನ್ನೊಂದು ಅಂತ ಭೂವಿಜ್ಞಾನದವರು ಹೇಳಿದರು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ನಮ್ಮ ಹತ್ತಿರವೇ ತಲಕಾವೇರಿಯ ಗಜಗಿರಿ ಬೆಟ್ಟ. ಆ ದಿನಗಳಲ್ಲಿ ಅಪ್ಪ “ನಾನು ಹೇಳಿರ್ಲಿಲ್ವಾ” ಅಂತ ಒಂದು ಸಲವೂ ಅನ್ನಲಿಲ್ಲ. ಬರೆಯ ಮೇಲೆ ಬಿರುಕು ಬಿಟ್ಟಿದೆಯಾ ಅಂತ ನೋಡಲು ಅಣ್ಣನನ್ನು ಕರೆದುಕೊಂಡು ಹೋದರು. ಇಬ್ಬರೂ ಕೊಪ್ಪೆ ಹಾಕಿಕೊಂಡು ಹೋದದ್ದು, ಚರಂಡಿ ಬಿಡಿಸಿ ಕೆಸರಾಗಿ ಬಂದದ್ದು. ಮಾತು ಅಲ್ಲಿಂದ ಮತ್ತೆ ಶುರುವಾಯಿತು. ಅಣ್ಣ ಈಗ ಹಳೇ ಮನೆಯ ಎರಡು ಕೋಣೆಗಳನ್ನೇ ಸರಿಮಾಡಿ ಅತಿಥಿಗಳಿಗೆ ಕೊಡುತ್ತಾನೆ. ಬರೆ ಇದ್ದ ಹಾಗೇ ಇದೆ.

2021ರಲ್ಲಿ ಮಾಂದಲಪಟ್ಟಿಯಲ್ಲಿ, ಕೋಟೆಬೆಟ್ಟದಲ್ಲಿ, ಹಲವು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂ ಬಂತು. ಅಪ್ಪನಿಗೆ ನೋಡಬೇಕು ಅನ್ನಿಸಿತು. ಜೀಪುಗಳ ಸಾಲು, ಜನ ಹೂವಿನೊಳಗೆ ಮಲಗಿ ಫೋಟೊ. ಅಪ್ಪ ರಸ್ತೆಯ ಬದಿಯಿಂದಲೇ ನೋಡಿ, ಒಂದು ಗಿಡದ ಹತ್ತಿರ ಕೂತು, ಎಲೆ ತಿರುಗಿಸಿ, ಯಾವ ಹುಳು ಬರುತ್ತದೆ ಅಂತ ಕಾದರು. ಬಂದವರನ್ನು ಬೈಯಲಿಲ್ಲ. ಬೈಯುವ ಕೆಲಸ ನಾನು ಮಾಡಿದೆ. “ಅವರ ಊರಲ್ಲಿ ಇದೆಲ್ಲಿ ಸಿಗ್ಬೇಕು ಪಾಪ” ಅಂದರು. ನನಗೆ ಈಗಲೂ ಅಷ್ಟು ದೊಡ್ಡ ಮನಸ್ಸಿಲ್ಲ.

ಕೊನೆಯ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವ್ವನ ಮಂಡಿ ಮೊದಲು ಸೋತಿತು. ಅವ್ವ ಬರಲಾರದ ದಾರಿಗೆ ಅಪ್ಪ ತಾವೂ ಹೋಗುವುದನ್ನು ಬಿಟ್ಟರು. ಅವರಿಗೆ ಆಗ ಬೆಟ್ಟ ಹತ್ತುವ ಶಕ್ತಿ ಚೆನ್ನಾಗಿಯೇ ಇತ್ತು. ತೋಡಿನವರೆಗೆ ಮೆಟ್ಟಿಲು ಕಡಿದು, ಹಿಡಿದುಕೊಂಡು ಇಳಿಯಲು ಬಿದಿರಿನ ಗಳು ಕಟ್ಟಿ, ಅಲ್ಲಿ ಕೂರಲು ಒಂದು ಕಲ್ಲು ಹಾಕಿಸಿದರು. ಕಾಡು ಇನ್ನೂ ಚಿಕ್ಕದಾಯಿತು, ಅಷ್ಟೇ. ಆಮೇಲೆ ಅಪ್ಪನಿಗೇ ಹುಷಾರು ತಪ್ಪಿತು. ಆಸ್ಪತ್ರೆಯಲ್ಲಿ ಇದ್ದದ್ದು ಕೆಲವೇ ದಿನ. ಅಲ್ಲಿಂದಲೂ ಫೋನಿನಲ್ಲಿ ಕೇಳುತ್ತಿದ್ದದ್ದು ಎಷ್ಟು ಸೆಂಟ್ ಅಂತಲೇ. ಅಣ್ಣ ಅಳೆದು ಹೇಳುತ್ತಿದ್ದ. ಈಗಲೂ ಅಳೆಯುತ್ತಾನೆ. ಬಲಗಡೆ ಪುಟದಲ್ಲಿ ಅವನು ಏನು ಬರೆಯುತ್ತಾನೆ ಅಂತ ನಾನು ನೋಡಲು ಹೋಗಿಲ್ಲ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಪ್ರಶ್ನೆಗಳಲ್ಲಿ ಹೆಚ್ಚಿನವು ಮಳೆ ಮಾಪಕ ಎಲ್ಲಿಡಬೇಕು, ಜೇನು ಪೆಟ್ಟಿಗೆಗೆ ಯಾವ ಮರ ಒಳ್ಳೆಯದು ಅನ್ನುವಂಥವು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: “ಅವರು ಯಾವತ್ತೂ ಕಾಡಲ್ಲಿ ದಾರಿ ತಪ್ಪಿರ್ಲಿಲ್ವಾ?” ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೂತಲ್ಲಿಂದಲೇ ಉತ್ತರ ಕೊಟ್ಟರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.)

“ತಪ್ಪಿದ್ರು ಮಗಾ. ತಲಕಾವೇರಿ ಮೇಲೆ, ಮಂಜಲ್ಲಿ. ಈ ಹುಡುಗಿ ಆಗ ಹುಟ್ಟಿರ್ಲಿಲ್ಲ. ಸುತ್ತಿ ಸುತ್ತಿ ಅದೇ ಬಂಡೆ ಹತ್ರ ಮೂರು ಸಲ ಬಂದ್ವಿ. ದಾರಿ ತಪ್ಪಿತು ಅಂತ ಹೇಳ್ಬೇಕಲ್ಲ, ಇಲ್ಲ. ‘ಇಲ್ಲಿ ಹೊಸ ಬಂಡೆಗಳು ಜಾಸ್ತಿ ಆಗಿವೆ’ ಅಂದ್ರು. ಕೊನೆಗೆ ದೇವಸ್ಥಾನದ ಗಂಟೆ ಕೇಳಿತು, ನಾನು ಆ ಕಡೆ ನಡೆದೆ, ಅವರು ಹಿಂದೆ ಬಂದ್ರು. ಮನೆಗೆ ಬರುವಾಗ ದನ ಕೂಗ್ತಾ ಇತ್ತು. ಆ ದಿನದ್ದು ಪುಸ್ತಕದಲ್ಲಿ ನಾನು ಹುಡುಕಿ ನೋಡಿದೆ. 40 ಸೆಂಟ್ ಮಳೆ ಅಂತ ಮಾತ್ರ ಬರ್ದಿದ್ದಾರೆ!”